ಮಾರ್ಚ್ ಬಂತೆಂದರೆ

ಅಕ್ಕ ನ್ಯೂಜೆರ್ಸಿಯಲ್ಲಿ, ಅಣ್ಣ ಲಂಡನ್ನಿನಲ್ಲಿ. ಅವ್ವ, ಅಜ್ಜಿ ಹುಣಸೂರು ತಾಲ್ಲೂಕಿನ ಹನಗೋಡಿನಲ್ಲಿ. ಮೈಸೂರಿನಲ್ಲಿ ಪಿಎಚ್‌.ಡಿ. ಮಾಡುತ್ತಿರುವ ನಾನು ಶನಿವಾರ ಊರಿಗೆ ಬರುವವಳಾದ್ದರಿಂದ ಭಾನುವಾರದ ವಿಡಿಯೊ ಕಾಲ್‌ನ ಉಸ್ತುವಾರಿ ನನ್ನದು.

ಚಳಿಗಾಲದಲ್ಲಿ ಲೆಕ್ಕ ಸಲೀಸು. ನಮಗೆ ರಾತ್ರಿ ಏಳೂವರೆ, ಅಣ್ಣನಿಗೆ ಮಧ್ಯಾಹ್ನ ಎರಡು, ಅಕ್ಕನಿಗೆ ಬೆಳಿಗ್ಗೆ ಒಂಬತ್ತು. ಅಷ್ಟು ಹೊತ್ತಿಗೆ ಅವ್ವ ಹಾಲು ಕರೆದು, ಡೈರಿಗೆ ಹಾಕಿ ಬಂದಿರುತ್ತಾಳೆ. ಎಂಟೂವರೆಗೆ ಮಲಗುವ ಅಜ್ಜಿ ಇನ್ನೂ ಎದ್ದಿರುತ್ತಾಳೆ.

ಮಾರ್ಚ್ ಎರಡನೇ ಭಾನುವಾರ ಅಮೆರಿಕ ತನ್ನ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತದೆ. ಬ್ರಿಟನ್, ಯುರೋಪಿನ ಹಾಗೆ, ಕೊನೆಯ ಭಾನುವಾರದವರೆಗೆ ಕಾಯುತ್ತದೆ. 2025ರಲ್ಲಿ ಈ ಅಂತರ 9ರಿಂದ 30ರವರೆಗೆ, ಪೂರ್ತಿ ಮೂರು ವಾರ. ಅಕ್ಕ ತನ್ನ ಫೋನಿನ ಕ್ಯಾಲೆಂಡರಿನಲ್ಲಿ ಪ್ರತಿ ವಾರಕ್ಕೂ ಒಂಬತ್ತು ಗಂಟೆ ಎಂದು ಹಾಕಿಟ್ಟಿದ್ದಳು. ಕ್ಯಾಲೆಂಡರು ನಡೆಯುವುದು ಅದನ್ನು ಹಾಕಿದವರ ಊರಿನ ಸಮಯಕ್ಕೆ. ಹೀಗಾಗಿ ಅವಳ ಒಂಬತ್ತು ಗಂಟೆ ನಮಗೆ ಸಂಜೆ ಆರೂವರೆಯಾಯಿತು, ಅಣ್ಣನಿಗೆ ಮಧ್ಯಾಹ್ನ ಒಂದಾಯಿತು. ಅವನ ಡ್ಯೂಟಿ ಮುಗಿಯುವುದೇ ಒಂದೂವರೆಗೆ. ಅವ್ವ ಕ್ಯಾನ್ ಹಿಡಿದು ಡೈರಿಯ ಸಾಲಿನಲ್ಲಿ ನಿಂತಿದ್ದಳು. ಫೋನು ರಿಂಗಾದಾಗ ಮನೆಯಲ್ಲಿದ್ದದ್ದು ಅಜ್ಜಿ ಮತ್ತು ನಾನು ಮಾತ್ರ. ಎಂಬತ್ತೇಳು ದಾಟಿದವಳಿಗೆ ಮೂರು ಭಾನುವಾರವೆಂದರೆ ಸಣ್ಣ ಲೆಕ್ಕವಲ್ಲ.

ಬ್ರಿಟನ್ನೂ ಗಡಿಯಾರ ತಿರುಗಿಸಿದ ಮೇಲೆ ಅಕ್ಕ, ಅಣ್ಣನ ನಡುವೆ ಮತ್ತೆ ಎಂದಿನ ಐದು ಗಂಟೆಯ ಅಂತರ. ಅವರ ತಾಪತ್ರಯ ಅಲ್ಲಿಗೆ ಮುಗಿಯಿತು. ಗಡಿಯಾರವನ್ನು ಮುಟ್ಟದ ನಮಗೆ ಮಾತ್ರ ನವೆಂಬರಿನವರೆಗೂ ಆರೂವರೆಯೇ!

ಈ ಅಂತರ ಮೊದಲು ಇಷ್ಟು ಉದ್ದವಿರಲಿಲ್ಲ. 2006ರವರೆಗೆ ಅಮೆರಿಕ ಬದಲಿಸುತ್ತಿದ್ದದ್ದು ಏಪ್ರಿಲ್ ಮೊದಲ ಭಾನುವಾರ, ಯುರೋಪಿಗಿಂತ ಒಂದು ವಾರ ತಡವಾಗಿ. ಅಕ್ಕಪಕ್ಕದ ದೇಶಗಳ ಪಾಡು ಇನ್ನೂ ವಿಚಿತ್ರ. 2022ರಲ್ಲಿ ಮೆಕ್ಸಿಕೊ ಈ ಪದ್ಧತಿಯನ್ನೇ ಕೈಬಿಟ್ಟರೂ ಅಮೆರಿಕದ ಗಡಿಗೆ ಅಂಟಿಕೊಂಡ ಎಷ್ಟೋ ಊರುಗಳು ಆಚೆಯವರ ಜೊತೆಗೇ ಗಡಿಯಾರ ತಿರುಗಿಸುತ್ತವೆ. ಯುರೋಪಿನ ಸಂಸತ್ತು ಇದು ಬೇಡವೆಂದು 2019ರಲ್ಲೇ ಮತ ಹಾಕಿದೆ. ಅದಿನ್ನೂ ಜಾರಿಯಾಗಿಲ್ಲ. ಎರಡನೇ ಮಹಾಯುದ್ಧದ ಕಾಲಕ್ಕೆ, 1942ರಿಂದ 1945ರವರೆಗೆ, ಭಾರತದ ಗಡಿಯಾರವೂ ಒಂದು ಗಂಟೆ ಮುಂದೆ ಓಡಿತ್ತು. ಅಜ್ಜಿ ಆಗ ಕೂಸು.

ಅವ್ವನಿಗೆ ಇದನ್ನೆಲ್ಲ ವಿವರಿಸಿದೆ. "ತಿರುಗಿಸ್ಕಳೋರು ತಿರುಗಿಸ್ಕಳ್ಳಿ. ನಮ್ ಹಸ ಗಡಿಯಾರ ನೋಡ್ಕಂಡು ಹಾಲು ಕೊಟ್ಟದಾ?" ಅಂದಳು.

ಅಕ್ಕನ ಕ್ಯಾಲೆಂಡರನ್ನು ಅಳಿಸಿಸಿ, ನನ್ನ ಫೋನಿನಿಂದ ಹನಗೋಡಿನ ಏಳೂವರೆ ಎಂದು ಹೊಸದಾಗಿ ಹಾಕಿದೆ. ಈಗ ಅತ್ತಿತ್ತ ಸರಿಯುವುದು ಅವರ ಗಂಟೆ. ಅಕ್ಕನಿಗೆ ಅದು ಹತ್ತು, ಮಗನ ಈಜಿನ ಕ್ಲಾಸಿನ ಹೊತ್ತು. ಅವಳು ಗೊಣಗಿದಳು, ನಾನು ಬಿಡಲಿಲ್ಲ. ಕೊಳದ ದಡದಲ್ಲಿ ಕೂತೇ ಕಾಲ್ ಮಾಡಿದಳು. ನಡುವೆ ಹುಡುಗ ಟವೆಲ್ ಹೊದ್ದು, ನೀರು ತೊಟ್ಟಿಕ್ಕಿಸುತ್ತ ಬಂದು ಫೋನಿಗೆ ಮುಖ ಕೊಟ್ಟ. ಅಜ್ಜಿ ಮುಂದಕ್ಕೆ ಬಾಗಿ, "ತಲೆ ಒರಸ್ಕಳ್ಲಾ ಮೊಗ, ನೆಗಡಿ ಆಯ್ತದೆ" ಎಂದು ಕೂಗಿದಳು.