ಕಾಣದಿದ್ದ ಕಾಡುಕುರಿ

ಮಗಳನ್ನು ಗಂಡನ ಮನೆಗೆ ಕಳುಹಿಸುವಾಗ ತಂದೆಯಾದವನು ಕಣ್ಣೊರಸಿಕೊಳ್ಳುವುದು ಲೋಕರೂಢಿ. ನಾನಾದರೋ ನನ್ನ ಮಗಳನ್ನು ಆನೆ ಹುಲಿಗಳ ಮನೆಗೆ ಕಳುಹಿಸಿ ಕಣ್ಣೊರಸಿಕೊಂಡವನು. ತಡವಾಗಿ ಹುಟ್ಟಿದವಳು, ಒಬ್ಬಳೇ ಮಗಳು. ಮೈಸೂರಿನಲ್ಲಿ ಪ್ರಾಣಿಶಾಸ್ತ್ರದ ಎಂ.ಎಸ್‌ಸಿ. ಓದುತ್ತಿದ್ದವಳು 2024ರ ಜನವರಿಯಲ್ಲಿ, ವನ್ಯಜೀವಿ ಸಂರಕ್ಷಣೆಗಾಗಿ ದಾನಿಗಳ ಹಣದಿಂದ ನಡೆಯುವ ಒಂದು ಸಂಸ್ಥೆಯಲ್ಲಿ ಮೂರು ತಿಂಗಳ ಸಂಶೋಧನಾ ತರಬೇತಿಗೆ ಆಯ್ಕೆಯಾದಳು. ಇಂಟರ್ನ್‌ಶಿಪ್ ಎಂದು ಈಗಿನವರು ಕರೆಯುವುದು ಇದನ್ನೇ. ಸ್ಥಳ ನಾಗರಹೊಳೆಯ ಅಂಚಿನ ಒಂದು ಹಳ್ಳಿ.

ಸುದ್ದಿ ಕೇಳಿದ ನನ್ನಾಕೆ ಮೊದಲು ದೇವರ ಮನೆಗೆ ಹೋದಳು, ಆಮೇಲೆ ಅಡಿಗೆಯ ಮನೆಗೆ ಹೋದಳು. ಎರಡು ಡಬ್ಬ ಚಕ್ಕುಲಿ, ಒಂದು ಡಬ್ಬ ಚಟ್ನಿಪುಡಿ, ಒಂದು ಶೀಶೆ ಅಮೃತಾಂಜನ ಸಿದ್ಧವಾದುವು. "ಆನೆ ಬಂದರೆ ಏನು ಮಾಡುತ್ತೀಯೆ?" ಎಂದು ಆಕೆ ಕೇಳಿದಾಗ, "ಅದಕ್ಕೆ ದಾರಿ ಬಿಡುತ್ತೇನಮ್ಮ" ಎಂದು ಮಗಳು ನಕ್ಕಳು. ಆ ನಗೆಯಿಂದ ತಾಯಿಯ ಭಯ ಇಮ್ಮಡಿಯಾಯಿತೇ ಹೊರತು ಕಡಮೆಯಾಗಲಿಲ್ಲ.

ನನ್ನ ಕಲ್ಪನೆಯಲ್ಲಿ ಕಾಡೆಂದರೆ ಜೀಪು, ಕ್ಯಾಮೆರಾ, ಪೊದೆಯ ಮರೆಯಿಂದ ಗಂಭೀರವಾಗಿ ಎದ್ದುಬರುವ ಹುಲಿ. ಪ್ರತಿ ಸಂಜೆ ದೂರವಾಣಿಯಲ್ಲಿ, "ಇಂದು ಏನು ಕಂಡೆ?" ಎಂದು ಕೇಳುವೆನು. "ಜಿಂಕೆಗಳ ಗುಂಪು" ಎಂದು ಒಂದು ದಿನ, "ಏನೂ ಇಲ್ಲ ಅಪ್ಪ" ಎಂದು ನಾಲ್ಕು ದಿನ. ಹೀಗೆ ಏನೂ ಕಾಣದಿರುವುದಕ್ಕೆ ಮನೆಯಲ್ಲಿಯೇ ಇರಬಹುದಾಗಿತ್ತಲ್ಲ ಎಂದು ನನ್ನಾಕೆ ಗೊಣಗಿದಳು. ನನಗೂ ಹಾಗೆಯೇ ತೋರಿತೆಂಬುದನ್ನು ಮುಚ್ಚಿಡಲಾರೆ.

ಫೆಬ್ರವರಿಯ ಒಂದು ಶನಿವಾರ ಹುಣಸೂರಿನ ಬಸ್ಸು ಹತ್ತಿದೆ. ಅಲ್ಲಿಂದ ಮುಂದೆ ಸಂಸ್ಥೆಯ ಜೀಪು ನನ್ನನ್ನು ಕರೆದೊಯ್ದಿತು. ಹೆಂಚಿನ ಮನೆ, ಮೂರು ಕೋಣೆ, ಗೋಡೆಯ ತುಂಬ ನಕ್ಷೆಗಳು. ಜಗಲಿಯ ಮೇಲೆ ಸಾಲಾಗಿ ಮಣ್ಣುಮೆತ್ತಿದ ಬೂಟುಗಳು. ಸಂಜೆಯ ಕಾಫಿ ಕುಡಿಯುತ್ತ ಮಗಳು ತನ್ನ ಕೆಲಸವನ್ನು ನನಗೆ ವಿವರಿಸಿದಳು.

ಅವಳು ಎಣಿಸುತ್ತಿದ್ದುದು ಹುಲಿಯನ್ನಲ್ಲ, ಹುಲಿಯ ಆಹಾರವನ್ನು. ಒಂದು ಹುಲಿಗೆ ವರ್ಷಕ್ಕೆ ಸುಮಾರು 50 ದೊಡ್ಡ ಪ್ರಾಣಿಗಳು ಬೇಕು, ಎಂದರೆ ವಾರಕ್ಕೊಂದು. ಜಿಂಕೆ, ಕಡವೆ, ಕಾಟಿ, ಕಾಡುಹಂದಿಗಳಿಲ್ಲದ ಕಾಡಿನಲ್ಲಿ ಹುಲಿಯನ್ನು ಎಷ್ಟು ಕಾದರೂ ಅದು ಉಳಿಯದು. ಆದುದರಿಂದ ಕಾಡಿನಲ್ಲಿ ನೇರವಾದ ಕೆಲವು ಹಾದಿಗಳನ್ನು ಗುರುತು ಮಾಡಿರುತ್ತಾರೆ. ಬೆಳಗಿನ ಜಾವ ಇಬ್ಬಿಬ್ಬರಾಗಿ ಆ ಹಾದಿಯಲ್ಲಿ ಮಾತಿಲ್ಲದೆ ನಡೆಯಬೇಕು. ಪ್ರಾಣಿ ಕಂಡರೆ ಅದು ಯಾವುದು, ಗುಂಪಿನಲ್ಲಿ ಎಷ್ಟು, ನಿಂತಲ್ಲಿಂದ ಎಷ್ಟು ದೂರ, ಯಾವ ದಿಕ್ಕು ಎಂಬುದನ್ನು ದೂರಮಾಪಕದಿಂದಲೂ ದಿಕ್ಸೂಚಿಯಿಂದಲೂ ಅಳೆದು ಬರೆಯಬೇಕು. ದೂರ ಹೆಚ್ಚಿದಂತೆ ಕಣ್ಣಿಗೆ ತಪ್ಪುವ ಪ್ರಾಣಿಗಳೂ ಹೆಚ್ಚುತ್ತವೆ. ಕಂಡವುಗಳ ದೂರವನ್ನು ತಿಳಿದರೆ, ಕಾಣದೆ ಉಳಿದವು ಎಷ್ಟಿರಬಹುದೆಂದು ಗಣಿತದಿಂದ ಅಂದಾಜು ಮಾಡಬಹುದು. ಸದ್ದು ಕೇಳಿದರೆ ಸಾಲದು, ಕಣ್ಣಾರೆ ಕಾಣಬೇಕು.

"ಏನೂ ಕಾಣದ ದಿನ?" ಎಂದೆ.

"ಅದನ್ನೂ ಬರೆಯಬೇಕು ಅಪ್ಪ. ಅದೇ ಮುಖ್ಯ."

ನಾನು ಆಯುಷ್ಯವೆಲ್ಲ ಲೆಕ್ಕ ತನಿಖೆಯ ಇಲಾಖೆಯಲ್ಲಿ ದುಡಿದು 2020ರಲ್ಲಿ ನಿವೃತ್ತನಾದವನು. ಆದ್ದರಿಂದ ಅವಳ ಮಾತು ನನಗೆ ಕೂಡಲೇ ಅರ್ಥವಾಯಿತು. ಹತ್ತು ನಡಿಗೆಗಳಲ್ಲಿ ಎರಡು ಸಲ ಕಡವೆ ಕಂಡಿತೆನ್ನಿ. ಬರಿಗೈಯಲ್ಲಿ ಬಂದ ಎಂಟು ನಡಿಗೆಗಳನ್ನು ಪುಸ್ತಕದಿಂದ ಬಿಟ್ಟುಬಿಟ್ಟರೆ, ನಡೆದಾಗಲೆಲ್ಲ ಕಡವೆ ಕಂಡಂತಾಗುತ್ತದೆ. ಕಾಡು ಕಾಗದದ ಮೇಲೆ ಐದು ಪಟ್ಟು ಸಮೃದ್ಧವಾಗುತ್ತದೆ.

ಇಂತಹ ಎಚ್ಚರದ ಎಣಿಕೆಗೆ ನಮ್ಮ ನಾಡಿನಲ್ಲಿ ಒಂದು ಪರಂಪರೆಯೇ ಉಂಟು. ಶಿವರಾಮ ಕಾರಂತರ ಪುತ್ರರಾದ ಉಲ್ಲಾಸ ಕಾರಂತರು ಓದಿದ್ದು ಇಂಜಿನಿಯರಿಂಗ್, ಮನಸೋತದ್ದು ಹುಲಿಗೆ. ಅವರು 1984ರಲ್ಲಿ ವನ್ಯಜೀವಿ ಅಧ್ಯಯನ ಕೇಂದ್ರವನ್ನು ಸ್ಥಾಪಿಸಿದರು. ಒಂದು ಹುಲಿಯ ಪಟ್ಟೆಯಂತೆ ಇನ್ನೊಂದರ ಪಟ್ಟೆ ಇರುವುದಿಲ್ಲ. ಕಾಡುದಾರಿಯಲ್ಲಿ ತಾನಾಗಿ ಚಿತ್ರ ತೆಗೆಯುವ ಕ್ಯಾಮೆರಾಗಳನ್ನಿಟ್ಟು, ಪಟ್ಟೆಯಿಂದ ಹುಲಿಯನ್ನು ಗುರುತಿಸಿ ಅಂದಾಜು ಮಾಡುವ ಕ್ರಮವನ್ನು 1990ರ ದಶಕದಲ್ಲಿ ಅವರು ಬೆಳೆಸಿದ್ದು ಇದೇ ನಾಗರಹೊಳೆಯಲ್ಲಿ. ಮಗಳು ಸೇರಿದ್ದು ಬೇರೆ ಸಂಸ್ಥೆಯನ್ನು; ಆದರೆ ನಡೆಯುತ್ತಿದ್ದುದು ಅಂತಹ ಹಿರಿಯರು ತೋರಿದ ದಾರಿಯಲ್ಲಿ.

ರಾತ್ರಿ ಊಟವಾದ ಮೇಲೆ ಅವಳ ದಾಖಲೆಯ ಪುಸ್ತಕವನ್ನು ನೋಡಬಯಸಿದೆ. ಹಳೆಯ ಚಾಳಿ. ತಾರೀಖು, ಹೊತ್ತು, ನಡೆದ ದೂರ. ಅನೇಕ ಸಾಲುಗಳ ಕೊನೆಯಲ್ಲಿ "ಕಂಡಿಲ್ಲ". ಒಂದು ಪುಟದಲ್ಲಿ ಮಾತ್ರ ಕೆಂಪು ಶಾಯಿಯ ಗೆರೆ. ಗೆರೆಯ ಕೆಳಗೆ "ಕಾಡುಕುರಿ 1, ದೂರ 40 ಮೀಟರ್" ಎಂಬುದು ಸ್ಪಷ್ಟವಾಗಿ ಕಾಣುತ್ತಿತ್ತು. ಪಕ್ಕದಲ್ಲಿ "ಕಾಣಲಿಲ್ಲ; ತಪ್ಪು ಬರೆದದ್ದು" ಎಂದು ಅವಳದೇ ಅಕ್ಷರ, ತಾರೀಖು, ಸಹಿ.

"ಇದೇನಮ್ಮ?" ಎಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು.

ಸತತವಾಗಿ ಎಂಟು ಬೆಳಗು ಏನೂ ಕಂಡಿರಲಿಲ್ಲವಂತೆ. ಜೊತೆಗೆ ಬಂದಿದ್ದ ಇನ್ನಿಬ್ಬರು ವಿದ್ಯಾರ್ಥಿಗಳ ಪುಸ್ತಕ ತುಂಬುತ್ತಿತ್ತು, ಇವಳದು ಖಾಲಿ. ಒಂಬತ್ತನೆಯ ದಿನ ಬಿದಿರುಮೆಳೆಯ ಆಚೆ ಕಾಡುಕುರಿ ಬೊಗಳಿದ ಸದ್ದು ಕೇಳಿತು; ಎಲೆಗಳು ಅಲುಗಿದುವು. ಬರೆದುಬಿಟ್ಟಳು. ಜೊತೆಯಲ್ಲಿದ್ದವರು ಜೇನುಕುರುಬ ಸಮುದಾಯದ ಹಿರಿಯರೊಬ್ಬರು. ಗಾಳಿಯ ವಾಸನೆಯಿಂದಲೇ ಆನೆಯನ್ನು ತಿಳಿಯಬಲ್ಲವರು. "ಎಲ್ಲಿ ಕಂಡಿತವ್ವಾ?" ಎಂದು ಕೇಳಿದರು. ಅವಳು ಕೈ ತೋರಿಸಿದಳು. ಅವರು ಆ ಕಡೆಗೆ ಬಹಳ ಹೊತ್ತು ನೋಡಿ, ಏನೂ ಅನ್ನದೆ, "ಹೋಗೋಣವಾ?" ಎಂದರು.

"ಅವರು ಬೈದಿದ್ದರೆ ಚೆನ್ನಾಗಿತ್ತು ಅಪ್ಪ. ಆ ಸುಮ್ಮನಿದ್ದದ್ದನ್ನು ತಡೆಯಲಾಗಲಿಲ್ಲ."

ಆ ರಾತ್ರಿ ಅವಳಿಗೆ ನಿದ್ರೆ ಬರಲಿಲ್ಲ. ಸುಳ್ಳು ದಾಖಲೆ ಬರೆದವರನ್ನು ಹಿಂದಕ್ಕೆ ಕಳುಹಿಸುವುದೆಂದು ಮೊದಲ ದಿನವೇ ಹೇಳಿದ್ದರು. ಹಿಂದಕ್ಕೆ ಬಂದರೆ ಪ್ರಬಂಧವಿಲ್ಲ, ಒಂದು ವರ್ಷ ವ್ಯರ್ಥ. ಆದರೂ ಬೆಳಗಾಗುವ ಮೊದಲೇ ಮಾರ್ಗದರ್ಶಕಿಯ ಬಾಗಿಲು ತಟ್ಟಿದಳು. ಆಕೆ ಗದರಲಿಲ್ಲ, ಹಿಂದಕ್ಕೂ ಕಳುಹಿಸಲಿಲ್ಲ. ಅಳಿಸಬೇಡ, ಹಾಳೆ ಹರಿಯಬೇಡ, ಕೆಳಗಿನ ಅಕ್ಷರ ಕಾಣುವಂತೆ ಒಂದೇ ಗೆರೆ ಎಳೆದು ಸಹಿ ಮಾಡು ಎಂದರು. ಮುಂದಿನ ಎರಡು ವಾರ ಇವಳ ಪುಸ್ತಕದ ಪ್ರತಿಯೊಂದು ಸಾಲಿಗೂ ಜೊತೆಯವರ ಒಪ್ಪಿಗೆ ಬೇಕೆಂದು ವಿಧಿಸಿದರು. ಆಮೇಲೆ ಸರಿಸ್ಕಾದ ಕತೆ ಹೇಳಿದರಂತೆ.

ರಾಜಸ್ಥಾನದ ಸರಿಸ್ಕಾ ಹುಲಿಗಳಿಗೆಂದೇ ಮೀಸಲಾದ ಕಾಡು. ಹೆಜ್ಜೆಗುರುತುಗಳನ್ನೆಣಿಸಿ ಪ್ರತಿ ಸಲವೂ ಅಲ್ಲಿ ಇಷ್ಟು ಹುಲಿಗಳಿವೆಯೆಂದು ಬರೆಯುತ್ತಿದ್ದರು. 2004ರ ಲೆಕ್ಕದಲ್ಲಿಯೂ ಹತ್ತಕ್ಕೆ ಮೀರಿ ಹುಲಿಗಳಿದ್ದುವು. 2005ರಲ್ಲಿ ಹುಡುಕಿದರೆ ಒಂದೂ ಇರಲಿಲ್ಲ, ಬೇಟೆಗಾರರು ಮುಗಿಸಿದ್ದರು. 2008ರಲ್ಲಿ ರಣಥಂಬೋರಿನಿಂದ ಹುಲಿಯನ್ನು ಹೆಲಿಕಾಪ್ಟರಿನಲ್ಲಿ ತಂದು ಬಿಡಬೇಕಾಯಿತು. ಈ ನಡುವೆ ದೇಶದ ಎಣಿಕೆಯ ಕ್ರಮವೇ ಬದಲಾಗಿತ್ತು. ಹಳೆಯ ಕ್ರಮದಲ್ಲಿ 3,600ಕ್ಕೂ ಮೇಲೆ ಇದ್ದ ಹುಲಿಗಳು, 2006ರ ಹೊಸ ಕ್ರಮದಲ್ಲಿ 1,411 ಎಂದು ತಿಳಿದುಬಂತು. ಕಹಿಯಾದರೂ ನಂಬಬಹುದಾದ ಆ ಸಂಖ್ಯೆಯಿಂದಲೇ ಮೇಲೇರಿ, 2022ರ ಅಂದಾಜು 3,682ಕ್ಕೆ ಬಂದಿದೆ. ಅದರಲ್ಲಿ ಕರ್ನಾಟಕದ ಪಾಲು 563. ಇಲ್ಲದ್ದನ್ನು ಇಲ್ಲವೆಂದು ಬರೆಯುವವರು ಸರಿಸ್ಕಾದಲ್ಲಿ ಸಕಾಲಕ್ಕೆ ಇದ್ದಿದ್ದರೆ ಅಲ್ಲಿ ಕೆಲವಾದರೂ ಉಳಿಯುತ್ತಿದ್ದುವೇನೋ.

ಮಗಳು ಮಾತು ಮುಗಿಸಿದಳು. ತಂದೆಯಾದವನು ಮೆಚ್ಚಿ ಬೆನ್ನು ತಟ್ಟಬೇಕಾದ ಹೊತ್ತು ಅದು. ನನ್ನ ಕೈ ಏಳಲಿಲ್ಲ.

1986ರ ಮಳೆಗಾಲ. ಕೆಲಸಕ್ಕೆ ಸೇರಿ ಮೂರು ವರ್ಷವಾಗಿತ್ತು. ಒಂದು ಸಣ್ಣ ಊರಿನ ಉಗ್ರಾಣದಲ್ಲಿ ಧಾನ್ಯದ ಚೀಲಗಳನ್ನು ಎಣಿಸಿ ದೃಢಪಡಿಸಲು ಹೋಗಿದ್ದೆ. ಮುಂದಿನ ಸಾಲುಗಳನ್ನೆಣಿಸಿದೆ. ಹಿಂದೆ ಕತ್ತಲೆ, ಸೋರುವ ಸೂರು, ಕೊನೆಯ ಬಸ್ಸಿಗೆ ಹೊತ್ತಾಗಿತ್ತು. ಹಿಂದಿನ ಸಾಲುಗಳೂ ಹಾಗೆಯೇ ಇರುವುವೆಂದು ಗುಣಿಸಿ ಸಹಿ ಹಾಕಿದೆ. ತಿಂಗಳೊಳಗೆ ಉಗ್ರಾಣಕ್ಕೆ ಹೊಸ ಗುಮಾಸ್ತರು ಬಂದರು. ಎಂಟು ತಿಂಗಳ ಮೇಲೆ ಚೀಲಗಳು ಕಡಮೆ ಬಿದ್ದುವು. ನನ್ನ ತಾರೀಖಿನಂದು ಎಲ್ಲವೂ ಸರಿಯಿತ್ತೆಂದು ನನ್ನ ಸಹಿಯೇ ಹೇಳುತ್ತಿದ್ದುದರಿಂದ, ಕೊರತೆಯೆಲ್ಲ ಹೊಸಬರ ತಲೆಗೆ ಬಂತು. ಅವರ ಸಂಬಳದಿಂದ ಕಂತು ಕಂತಾಗಿ ಹಿಡಿದರು. ನಾನು ಎಣಿಸಿರಲಿಲ್ಲವೆಂಬುದು ನನಗೊಬ್ಬನಿಗೇ ಗೊತ್ತಿತ್ತು. ನಾನು ಬಾಯಿ ಬಿಡಲಿಲ್ಲ.

ಹೆಂಡತಿಗೂ ಹೇಳದ ಈ ಸಂಗತಿಯನ್ನು ಆ ರಾತ್ರಿ ಮಗಳಿಗೆ ಹೇಳಿದೆ. ದೂರದಲ್ಲಿ ಜಿಂಕೆ ಕೂಗುತ್ತಿತ್ತು. ಅವಳು ನನ್ನನ್ನು ಸಮಾಧಾನಪಡಿಸಲಿಲ್ಲ.

"ಅವರು ಈಗ ಎಲ್ಲಿದ್ದಾರೆ?" ಎಂದು ಮಾತ್ರ ಕೇಳಿದಳು.

ವಿಚಾರಿಸಿದಾಗ ಅವರು ಕಾಲವಾಗಿದ್ದರು. ಏಪ್ರಿಲ್‌ನಲ್ಲಿ ಅವರ ಮನೆಗೆ ಹೋದೆ. ಅವರ ಪತ್ನಿ ನನ್ನ ಮಾತನ್ನೆಲ್ಲ ಕೇಳಿ, "ಅವರು ಕದ್ದವರಲ್ಲವೆಂದು ನನಗೆ ಗೊತ್ತಿತ್ತು. ಮಗನಿಗೆ ಗೊತ್ತಿರಲಿಲ್ಲ. ಅವನಿಗೆ ಹೇಳಿ" ಎಂದರು. ಸಂಜೆ ಮಗ ಬರುವವರೆಗೆ ಆ ಮನೆಯಲ್ಲಿ ಕುಳಿತಿದ್ದೆ. ಅವರು ಕೇಳಿ, ಕೋಪಗೊಳ್ಳಲಿಲ್ಲ, ಕ್ಷಮಿಸಿದೆನೆಂದೂ ಅನ್ನಲಿಲ್ಲ. "ಇದನ್ನು ಬರೆದುಕೊಡಿ" ಎಂದರು. ಬರೆದು, ತಾರೀಖು ಹಾಕಿ, ಸಹಿ ಮಾಡಿ ಕೊಟ್ಟು ಬಂದೆ.

ಈಗ ಪರಿಚಿತರು ನನ್ನನ್ನು ಕೇಳುತ್ತಾರೆ, ನಮ್ಮ ಮಕ್ಕಳನ್ನೂ ಹೀಗೆ ಕಾಡಿಗೆ ಕಳುಹಿಸಬಹುದೇ ಎಂದು. ಕಳುಹಿಸಿ. ಆದರೆ ಕೆಲವು ಸಂಗತಿಗಳನ್ನು ಮೊದಲೇ ವಿಚಾರಿಸಿರಿ. ಅಭಯಾರಣ್ಯದೊಳಗೆ ಸಂಶೋಧನೆಗೆ ಅರಣ್ಯ ಇಲಾಖೆಯ ಅನುಮತಿ ಇದೆಯೇ? ದಿನವೂ ಕೆಲಸ ನೋಡುವ ಮಾರ್ಗದರ್ಶಕರು ಯಾರು? ಕಾಡು ಬಲ್ಲ ಸ್ಥಳೀಯರು ಜೊತೆಗಿರುವರೇ? ದೊಡ್ಡ ಮೊತ್ತ ಪಡೆದು ಪ್ರಾಣಿಗಳ ಜೊತೆ ಚಿತ್ರ ತೆಗೆಸುವ ಪ್ರವಾಸಕ್ಕೆ ತರಬೇತಿಯೆಂದು ಹೆಸರಿಟ್ಟಿರುವುದುಂಟು. ಅಂತಹ ಕಡೆಗೆ ಹೋಗುವುದು ಬೇಡ. ಕೊನೆಯದಾಗಿ, ಏನೂ ಕಾಣದ ದಿನ ನಿಮ್ಮಲ್ಲಿ ಏನು ಬರೆಯಿಸುತ್ತೀರಿ ಎಂದು ಕೇಳಿರಿ. ಉಳಿದೆಲ್ಲ ಪ್ರಶ್ನೆಗಳಿಗಿಂತ ಅದಕ್ಕೆ ಬರುವ ಉತ್ತರ ನಿಮಗೆ ಹೆಚ್ಚು ತಿಳಿಸೀತು.

ಮಗಳ ಪ್ರಬಂಧ ಜೂನ್‌ನಲ್ಲಿ ಮುಗಿಯಿತು. ಅನುಬಂಧದಲ್ಲಿ ಅವಳ ನಡಿಗೆಗಳ ಪಟ್ಟಿಯಿದೆ. ಅದರಲ್ಲಿ ಒಂದು ಸಾಲಿನ ಮುಂದೆ ಸೊನ್ನೆ. ನನ್ನಾಕೆ ಆ ಪುಸ್ತಕವನ್ನು ದೇವರ ಮನೆಯಲ್ಲಿಟ್ಟು ಕುಂಕುಮ ಹಚ್ಚಿದ್ದಾಳೆ. ಹುಲಿಯ ಚಿತ್ರ ಒಂದೂ ಇಲ್ಲವಲ್ಲ ಎಂದು ಈಗಲೂ ಗೊಣಗುತ್ತಾಳೆ.