ಮೊದಲ ಹತ್ತು ಮೀಟರು

ಕಾಲ್ಚೆಂಡಿನ ಆಟಗಾರನಿಗೆ ಓಟದ ವೇಗ ಬೇಕೆಂಬ ಮಾತನ್ನು ಯಾರೂ ಅಲ್ಲಗಳೆಯಲಾರರು. ಜರ್ಮನಿಯ ಮೊದಲ ದರ್ಜೆಯ ಲೀಗಿನ 360 ಗೋಲುಗಳನ್ನು ಪರಿಶೀಲಿಸಿದ ಸಂಶೋಧಕರ ಲೇಖನವೊಂದು 2012ರಲ್ಲಿ ಪ್ರಕಟವಾಯಿತು. ಗೋಲು ಹೊಡೆದವನು ಅದಕ್ಕೆ ಮುನ್ನ ಮಾಡಿದ ಬಿರುಸಿನ ಚಲನೆಗಳಲ್ಲಿ ನೇರ ಓಟದ್ದೇ ಮೊದಲ ಸ್ಥಾನವೆಂದು ಅದು ತಿಳಿಸುತ್ತದೆ. ವ್ಯಾಯಾಮ ಶಿಕ್ಷಕನಾಗಿ ವರ್ಷಗಟ್ಟಲೆ ಸ್ಟಾಪ್‌ವಾಚು ಹಿಡಿದು ಬಿಸಿಲಿನಲ್ಲಿ ನಿಂತ ನನಗೆ ಇದನ್ನು ಓದಿ ಸಂತೋಷವೇ ಆಯಿತು. ಆದರೆ ಎಷ್ಟು ದೂರದ ಓಟ ಎಂಬ ಪ್ರಶ್ನೆ ಉಳಿದೇ ಇದೆ.

ಜಮೈಕಾದ ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್ ನಗರದಲ್ಲಿ 100 ಮೀಟರನ್ನು 9.58 ಸೆಕೆಂಡುಗಳಲ್ಲಿ ಓಡಿದರು. ಆ ಓಟವನ್ನು ಬಿಡಿಸಿ ನೋಡಿದರೆ, ಮೊದಲ 20 ಮೀಟರಿಗೆ 2.89 ಸೆಕೆಂಡು ಹಿಡಿದಿದೆ; 60ರಿಂದ 80ನೆಯ ಮೀಟರಿನವರೆಗಿನ ಅಷ್ಟೇ ದೂರಕ್ಕೆ 1.61 ಸೆಕೆಂಡು ಸಾಕಾಗಿದೆ. ಅವರ ವೇಗ ತುದಿ ಮುಟ್ಟಿದ್ದು ಅರ್ಧ ದಾರಿ ಕಳೆದ ಮೇಲೆ. ಕಾಲ್ಚೆಂಡಿನಲ್ಲಿ ಅಷ್ಟು ದೂರ ನೇರವಾಗಿ ಓಡಲು ಎದುರಾಳಿ ಬಿಟ್ಟಾನೆಯೆ? ಅಲ್ಲಿಯ ಬಿರುಸಿನ ಓಟಗಳು ಬಹುಮಟ್ಟಿಗೆ ಎರಡರಿಂದ ನಾಲ್ಕು ಸೆಕೆಂಡುಗಳಲ್ಲಿ ಮುಗಿದುಹೋಗುತ್ತವೆ. 2018ರಲ್ಲಿ ಬೋಲ್ಟ್ ಆಸ್ಟ್ರೇಲಿಯದ ಸೆಂಟ್ರಲ್ ಕೋಸ್ಟ್ ಮ್ಯಾರಿನರ್ಸ್ ತಂಡದೊಡನೆ ಅಭ್ಯಾಸ ಮಾಡಿ, ಒಂದು ಸ್ನೇಹಪಂದ್ಯದಲ್ಲಿ ಎರಡು ಗೋಲುಗಳನ್ನೂ ಹೊಡೆದರು. ಆದರೂ ಒಪ್ಪಂದ ಕುದುರದೆ ಅದೇ ವರ್ಷ ಅಲ್ಲಿಂದ ಹೊರಬಂದರು. ಆಗ ಅವರಿಗೆ 32 ವರ್ಷವಾಗಿತ್ತೆಂಬುದನ್ನೂ ಹೇಳಬೇಕು.

ಕೆಲವು ವರ್ಷಗಳ ಹಿಂದೆ ನಮ್ಮ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಒಂದು ತಂಡದ ಆಯ್ಕೆಗೆ ಹೋಗಿ, 30 ಮೀಟರಿನ ಓಟದಲ್ಲಿ ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ಹಿಂದೆ ಬಿದ್ದು ಮನೆಗೆ ಮರಳಿದನು. ಅವನ ಕಾಲಿಗೆ ಚೆಂಡು ಕೊಟ್ಟು ನೋಡಿದವರೇ ಇಲ್ಲ. ಎದುರಾಳಿಯ ಭುಜದ ಓರೆಯಿಂದಲೇ ಚೆಂಡು ಹೋಗುವ ದಿಕ್ಕನ್ನು ಊಹಿಸಿ, ಉಳಿದವರಿಗಿಂತ ಎರಡು ಹೆಜ್ಜೆ ಮುಂಚೆ ಹೊರಡುವವನು ಆತ. “ಮೇಷ್ಟ್ರೇ, ರೆಪ್ಪೆ ಮಿಟುಕಿಸೋಷ್ಟರಲ್ಲಿ ಹುಡುಗನ ಹಣೆಬರಹ ಬರೆದುಬಿಟ್ಟರಲ್ಲ!” ಎಂದರು ಅವನ ತಂದೆ.

ಅಂದು ಅಳೆದದ್ದು ಕೈಯಿಂದ ಒತ್ತುವ ಗಡಿಯಾರದಲ್ಲಿ. ಹೊರಡುವ ಸದ್ದು ಕೇಳಿದ ಮೇಲೆ ಹೆಬ್ಬೆರಳು ತುಸು ತಡವಾಗಿ ಒತ್ತುತ್ತದೆ. ಓಡುವವನು ಗೆರೆಯತ್ತ ಬರುವುದು ಕಾಣುತ್ತಿರುವುದರಿಂದ ಕೊನೆಯಲ್ಲಿ ಅಷ್ಟು ತಡವಾಗುವುದಿಲ್ಲ. ಹೀಗಾಗಿ ಕೈಯಳತೆಯ ಕಾಲ ನಿಜಕ್ಕಿಂತ ಕಡಿಮೆ ಬರುವುದೇ ಹೆಚ್ಚು. 100 ಮೀಟರಿನ ಓಟದಲ್ಲಿ ಕೈಯಳತೆಯನ್ನು ವಿದ್ಯುತ್ ಅಳತೆಗೆ ಹೋಲಿಸುವಾಗ 0.24 ಸೆಕೆಂಡು ಕೂಡಿಸುವ ಪದ್ಧತಿಯೇ ಇದೆ. ಮೈ ಬೆಳಕಿನ ಕಿರಣವನ್ನು ಅಡ್ಡಹಾಯ್ದೊಡನೆ ಕಾಲವನ್ನು ದಾಖಲಿಸುವ ಯಂತ್ರಗಳು ಈ ದೋಷವನ್ನು ನೀಗಿವೆ. ಅಲ್ಲಿಯೂ ಮೊದಲ ಕಿರಣಕ್ಕಿಂತ ಅರ್ಧ ಮೀಟರು ಹಿಂದೆ ನಿಂತು ಹೊರಟವನು ಅದನ್ನು ದಾಟುವಾಗಲೇ ಚಲನೆಯಲ್ಲಿರುವುದರಿಂದ, ಕಿರಣಕ್ಕೆ ಒತ್ತಿ ನಿಂತವನಿಗಿಂತ ಅವನ ಕಾಲ ಕಡಿಮೆ ತೋರುತ್ತದೆ. ಒದ್ದೆ ಹುಲ್ಲು, ಸವೆದ ಬೂಟು, ಎದುರುಗಾಳಿಗಳ ಮಾತು ಬೇರೆ.

ಇನ್ನೂ ದೊಡ್ಡ ತೊಡಕು ಓಡುವವನ ಮೈಯಲ್ಲೇ ಇದೆ. ನಿಮ್ಮ ತರಗತಿಯನ್ನೇ ನೋಡಿರಿ. ಒಂದೇ ವರ್ಷ ಹುಟ್ಟಿದವರಲ್ಲಿ ಒಬ್ಬನಿಗೆ ಮೀಸೆ ಚಿಗುರಿದೆ. ಇನ್ನೊಬ್ಬನ ದನಿಯೂ ಒಡೆದಿಲ್ಲ. ಹುಡುಗರ ಎತ್ತರ ಅತಿ ಬೇಗ ಏರುವುದು ಸುಮಾರು 14ನೆಯ ವಯಸ್ಸಿನಲ್ಲಿ. ಕೆಲವರಿಗೆ ಒಂದೆರಡು ವರ್ಷ ಮುಂಚೆ, ಕೆಲವರಿಗೆ ಒಂದೆರಡು ವರ್ಷ ತಡವಾಗಿ. ಹುಡುಗಿಯರಲ್ಲಿ ಇದು ಸುಮಾರು ಎರಡು ವರ್ಷ ಮೊದಲೇ ಬರುತ್ತದೆ. ಮೊದಲೇ ಬೆಳೆದವನು ಅಂದಿನ ಓಟದಲ್ಲಿ ಮುಂದಾಗುವುದು ಸಹಜವೇ. ಗಡಿಯಾರ ಅಳೆದದ್ದು ಅವನ ಆಟವನ್ನೋ, ಬೇಗ ಬಂದ ಬೆಳವಣಿಗೆಯನ್ನೋ?

ಡೆನ್ಮಾರ್ಕಿನ ಯೆನ್ಸ್ ಬಾಂಗ್ಸ್‌ಬೊ ರೂಪಿಸಿದ ಯೋ-ಯೋ ಪರೀಕ್ಷೆಯ ಒಂದು ಬಗೆಯಲ್ಲಿ 20 ಮೀಟರು ಹೋಗಿ, 20 ಮೀಟರು ಮರಳಿ, 10 ಸೆಕೆಂಡು ಸುಧಾರಿಸಿಕೊಂಡು, ಏರುವ ವೇಗದಲ್ಲಿ ಮತ್ತೆ ಮತ್ತೆ ಓಡಬೇಕು. ಪಂದ್ಯದ ದಣಿವಿಗೆ ಅದು ಹೆಚ್ಚು ಸಮೀಪವಾದದ್ದರಿಂದ ನನಗೆ ಅದು ಪ್ರಿಯ. ಹುಡುಗರಿಗೆ ಮಾತ್ರ ಅಲ್ಲ.

ನನ್ನ ದಾಖಲೆಯ ಪುಸ್ತಕದಲ್ಲಿ ಒಬ್ಬೊಬ್ಬ ವಿದ್ಯಾರ್ಥಿಗೂ ಒಂದು ಹಾಳೆ ಇದೆ. ದಿನಾಂಕ, ಎತ್ತರ, ನೆಲದ ಸ್ಥಿತಿ, 10 ಮೀಟರಿನ ಕಾಲ ಎಲ್ಲವನ್ನೂ ಬರೆಯುತ್ತೇನೆ. ಅವನವನ ಹಿಂದಿನ ಅಂಕಿಯೊಡನೆ ಮಾತ್ರ ಹೋಲಿಸುತ್ತೇನೆ. ಆ ಹುಡುಗನ ಹಾಳೆಯಲ್ಲಿ, ಹತ್ತನೆಯ ತರಗತಿ ಮುಗಿಯುವ ಹೊತ್ತಿಗೆ ಎತ್ತರ 9 ಸೆಂಟಿಮೀಟರು ಏರಿತ್ತು. ಓಟದ ಕಾಲ ಗಣನೀಯವಾಗಿ ಇಳಿದಿತ್ತು. ಅದನ್ನು ತೋರಿಸಿ, ಆಯ್ಕೆಗೆ ಇನ್ನೊಮ್ಮೆ ಹೋಗೆಂದು ಹೇಳಿದೆನು. ಅವನು ಹಾಳೆಯನ್ನು ಬಹಳ ಹೊತ್ತು ನೋಡಿದನು, ಹೋಗಲು ಒಪ್ಪಲಿಲ್ಲ.