ಎರಡು ಬಿಳಿ ಇಲಿಗಳ ಗೆಳೆತನ

ಗಣಪನ ವಾಹನವೆಂದು ಇಲಿಗೆ ಕೈಮುಗಿಯುವ ನಾವು, ಅದು ಮನೆಯೊಳಗೆ ಕಂಡೊಡನೆ ಬೋನು ಹುಡುಕುತ್ತೇವೆ. ನಾನಾದರೋ, ವಿಶಾಖಪಟ್ಟಣದ ಬಳಿಯ ಪೆಂಡುರ್ತಿಯಲ್ಲಿದ್ದಾಗ ಎರಡು ಬಿಳಿಯ ಹೆಣ್ಣಿಲಿಗಳನ್ನು ಸಾಕಿದ್ದೆನು.

ಇಲಿಯು ಕಣ್ಣಿಗಿಂತ ಮೂಗನ್ನೇ ನಂಬುವ ಪ್ರಾಣಿ; ಅಪರಿಚಿತ ವಾಸನೆಯೇ ಅದಕ್ಕೆ ಶತ್ರು. ಆದುದರಿಂದ ಹಳೆಯದರ ಹಾಸನ್ನು ಹೊಸದಕ್ಕೂ, ಹೊಸದರದನ್ನು ಹಳೆಯದಕ್ಕೂ ಕೆಲವು ದಿನ ಹಾಕಿದೆನು. ಬಳಿಕ ಎರಡಕ್ಕೂ ಸೇರದ ತಾಣದಲ್ಲಿ ಅವನ್ನು ಬಿಟ್ಟೆನು. ಅವುಗಳ ರೋಮ ನಿಮಿರಿತು. ನನ್ನ ಎದೆ ನಡುಗಿತು. ಮೂರನೆಯ ದಿನ ಒಂದು ಮತ್ತೊಂದರ ಕತ್ತನ್ನು ನೆಕ್ಕಿತು!

ಅಂಗಳದಲ್ಲಿಯೇ ಗೂಡು ಕಟ್ಟುವ ಆಸೆಯಿತ್ತು. ಆದರೆ ಇಲಿಗೆ ನಮ್ಮಂತೆ ಮೈಬೆವರಿಲ್ಲ. ಬಾಲದ ಮೂಲಕ ಕಾವು ಕಳೆಯಬೇಕು. ಕರಾವಳಿಯ ಸೆಕೆಯನ್ನು ಅದು ತಾಳದು. ಹಾವಿನ ಭಯ, ಹೊರಗಿನ ಇಲಿಗಳು ಹರಡುವ ಇಲಿಜ್ವರದ ಭಯ ಬೇರೆ. ಆದುದರಿಂದ ಸಂಜೆಯ ತಂಪಿನಲ್ಲಿ ಮಾತ್ರ ಜಗಲಿಯ ವಿಹಾರ.

ತರಗತಿಗೆ ಹೊಸಬರು ಬಂದಾಗ ನಾವೂ ಮೂರು ದಿನ ತಾಳಬಾರದೇಕೆ?